ಬಣ್ಣಕ್ಕೆ ಮೊದಲಿನ 11 ದಿನ

ಹಳೇ ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವುದು ಒಂದು ದಿನದ ಕೆಲಸ. ಕಂಪ್ರೆಸರ್, ಸ್ಪ್ರೇ ಗನ್, ನಾಲ್ಕೈದು ಲೀಟರ್ ಎನಾಮೆಲ್, ಒಂದಿಷ್ಟು ಥಿನ್ನರ್ ಇದ್ದರೆ ಬೆಳಿಗ್ಗೆ ಹಿಡಿದದ್ದು ಸಂಜೆಗೆ ಮುಗಿಯುತ್ತದೆ. ಅದಕ್ಕೆ ಮೊದಲಿನ ಕೆಲಸ, ಅಂದರೆ ವರ್ಷಗಟ್ಟಲೆ ಕೂತ ಜಿಡ್ಡು ತೆಗೆಯುವುದು, ಹಳೇ ಬಣ್ಣ ಹೆರೆಯುವುದು, ತುಕ್ಕು ಉಜ್ಜುವುದು, ನಮಗೆ 11 ದಿನ ಹಿಡಿಯಿತು. ಈ ಲೇಖನ ಆ 11 ದಿನಗಳದ್ದು. ಬಣ್ಣದ ಬಗ್ಗೆ ಇದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಇದನ್ನು ಬರೆಯುವ ಹೊತ್ತಿಗೂ ನಮ್ಮ ಟ್ರ್ಯಾಕ್ಟರಿಗೆ ಬಣ್ಣ ಆಗಿಲ್ಲ.

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದವನು. ಊರು ಬೈಲಹೊಂಗಲ ತಾಲ್ಲೂಕಿನದು. ಎರೆ ಭೂಮಿ, ಸ್ವಲ್ಪ ಕಬ್ಬು, ಉಳಿದಂತೆ ಸೋಯಾಬೀನು, ಕಡಲೆ, ಜೋಳ. ಹೊಲ ನೋಡಿಕೊಳ್ಳುವವರು ಅಪ್ಪ ಮತ್ತು ಅಣ್ಣ. ಟ್ರ್ಯಾಕ್ಟರು ಮಹೀಂದ್ರಾ ಬಿ-275, 35 ಅಶ್ವಶಕ್ತಿ, 4 ಸಿಲಿಂಡರು. ಈ ಮಾದರಿ ಮೂಲತಃ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯದು. ಇಂಗ್ಲೆಂಡಿನ ಡಾನ್‌ಕಾಸ್ಟರಿನಲ್ಲಿ ತಯಾರಾಗುತ್ತಿತ್ತು. 1963ರಲ್ಲಿ ಮಹೀಂದ್ರಾ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಕೂಡಿ ಒಂದು ಕಂಪನಿ ಕಟ್ಟಿದ ಮೇಲೆ ಮುಂಬಯಿಯ ಕಾಂದಿವಲಿಗೆ ಬಂತು. ಕಾಂದಿವಲಿ ಪೂರ್ವದಲ್ಲಿ ಮನೆ ಮಾಡಿರುವ ಓದುಗರು ಆ ಕಾರ್ಖಾನೆಯ ಕಂಪೌಂಡಿನ ಪಕ್ಕದಲ್ಲಿ ಎಷ್ಟೋ ಸಲ ಹಾದಿರುತ್ತೀರಿ. ನಮ್ಮ ಕಡೆಯ ಎಷ್ಟೋ ಹೊಲಗಳಲ್ಲಿ ಎತ್ತಿನ ಕೊರಳಿನ ನೊಗ ಇಳಿಸಿದ್ದು ಅಲ್ಲಿಂದ ಬಂದ ಈ ಕೆಂಪು ಗಾಡಿಗಳೇ.

ಅಪ್ಪ ಇದನ್ನು ಕೊಂಡದ್ದು 2004ರಲ್ಲಿ, ಹಳೇ ಗಾಡಿಯಾಗಿ, ಒಬ್ಬ ಏಜೆಂಟನ ಮೂಲಕ. ಕೊಂಡಾಗಲೇ ಅದಕ್ಕೆ ಮಿರಿಮಿರಿ ಹೊಸ ಬಣ್ಣ ಇತ್ತು. ಈ ವರ್ಷ ಅಣ್ಣ ತಾಲ್ಲೂಕಿನ ಒಂದು ಪೇಂಟ್ ಅಂಗಡಿಯಲ್ಲಿ ವಿಚಾರಿಸಿದ. 18,000 ರೂಪಾಯಿ, ಎರಡು ದಿನ, ನೀರು ಹೊಡೆದು ಒಣಗಿಸಿ ಮೇಲೆ ಸ್ಪ್ರೇ. ದಸರೆಗೆ ಗಾಡಿ ಲಕಲಕ. ಅಪ್ಪ ಒಪ್ಪಲಿಲ್ಲ. "ಹೊಲಸಿನ ಮ್ಯಾಲೆ ಬಣ್ಣಾ ಹೊಡದ್ರ ಹೊಲಸಿಗೆ ಬಣ್ಣಾ ಹೊಡದಂಗ ಆತು, ಗಾಡಿಗೆ ಹೊಡದಂಗ ಆಗಂಗಿಲ್ಲ" ಅಂದರು. ನಾನು ರಜೆ ಹಾಕಿ ಹೊರಟೆ. ಒಂಬತ್ತು ದಿನದ ರಜೆ, ಆ ಕಡೆ ಈ ಕಡೆ ಶನಿವಾರ ಭಾನುವಾರ. ನಾನಾ ಪೇಠೆಯಲ್ಲಿ ತಂತಿ ಬ್ರಷ್, ವಾಟರ್ ಪೇಪರ್, ಆಯಿಲ್ ಸೀಲುಗಳು, ಒಳ್ಳೇ ಮಾಸ್ಕುಗಳ ಒಂದು ಡಬ್ಬಿ ಕೊಂಡೆ. ಅಂಗಡಿಯವನು ಗಾಡಿಗೆ 'ಗಂಜ' ಎಷ್ಟು ಹಿಡಿದಿದೆ ಎಂದು ಮರಾಠಿಯಲ್ಲಿ ಕೇಳಿದ. ನಮ್ಮೂರಲ್ಲಿ ಅದು ಜಂಗು, ಪುಸ್ತಕದಲ್ಲಿ ತುಕ್ಕು. ಹೆಸರು ಮೂರಾದರೂ ಕಬ್ಬಿಣ ತಿನ್ನುವುದರಲ್ಲಿ ಮೂರೂ ಒಂದೇ.

ಮೊದಲ ದಿನ ನಾನು ಪೈಪು ಜೋಡಿಸಿ ನೀರು ಬಿಡಲು ತಯಾರಾಗಿದ್ದೆ. ಊರಿನ ಮಿಸ್ತ್ರಿ ಕಾಕಾ ತಡೆದರು. ಎಪ್ಪತ್ತು ದಾಟಿದವರು, ಈಗ ಗ್ಯಾರೇಜು ನಡೆಸುವವನು ಮಗ, ಕೈಕೆಳಗೆ ಮೊಮ್ಮಗ. "ತಮ್ಮಾ, ಇವತ್ತ ನೋಡೂನು. ತೊಳಿಯೂದು ನಾಳೆ. ತೊಳದ ಮ್ಯಾಲೆ ಎಲ್ಲಿ ಸೋರತೈತಿ ಅಂತ ಯಾರನ್ನ ಕೇಳಾವ ನೀ?"

ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಮಾತು ಎನಿಸಿದ್ದು ಇದು. ಟ್ರ್ಯಾಕ್ಟರಿನ ಮೇಲಿನ ಜಿಡ್ಡು ಬರೀ ಕೊಳೆಯಲ್ಲ. ಎಲ್ಲಿ ಎಣ್ಣೆ ಹೊರಬರುತ್ತದೋ ಅಲ್ಲಿ ಧೂಳು ಅಂಟುತ್ತದೆ. ಎಲ್ಲಿ ಬರುವುದಿಲ್ಲವೋ ಅಲ್ಲಿ ಧೂಳು ಉದುರಿಹೋಗುತ್ತದೆ. ಹಾಗಾಗಿ ಜಿಡ್ಡಿನ ದಪ್ಪ, ಬಣ್ಣ, ವಾಸನೆ ಎಲ್ಲವೂ ಗಾಡಿಯ ಒಳಗಿನ ಸುದ್ದಿ ಹೇಳುತ್ತವೆ. ನಮ್ಮ ಕೆಲಸದಲ್ಲಿ ಸರ್ವರ್ ಕೆಟ್ಟರೆ ಮೊದಲು ಲಾಗ್ ಓದುತ್ತೇವೆ, ಆಮೇಲೆ ಅಳಿಸುತ್ತೇವೆ. ಅದನ್ನು ಕಾಕಾಗೆ ಹೇಳಿದೆ. ಅವರಿಗೆ ಅದು ಹೊಸ ವಿಷಯ ಅನ್ನಿಸಲಿಲ್ಲ.

ಟಾರ್ಚು ಮತ್ತು ಸೀಮೆಸುಣ್ಣ ಹಿಡಿದು ಅವರು ಗಾಡಿಯ ಸುತ್ತ ಮೂರು ತಾಸು ಓಡಾಡಿದರು. ಇಂಜಿನ್ನಿನ ತಲೆಯ ಮುಚ್ಚಳದ ಕೆಳಗೆ ಹಸಿ ಕಪ್ಪು ಜಿಡ್ಡು: ಗ್ಯಾಸ್ಕೆಟ್ ಹೋಗಿದೆ. ಡೀಸೆಲ್ ಪಂಪಿನ ಕೆಳಗೆ ಜಿಡ್ಡೇ ಇಲ್ಲ, ಬಣ್ಣ ಮಂಕಾಗಿ ಸುತ್ತಲಿನದಕ್ಕಿಂತ ಚೊಕ್ಕಟವಾಗಿದೆ. ಅದು ಒಳ್ಳೆಯ ಲಕ್ಷಣವಲ್ಲ, ಅಲ್ಲಿ ಡೀಸೆಲ್ಲೇ ಸೋರಿ ತೊಳೆಯುತ್ತಿದೆ. ರೇಡಿಯೇಟರಿನ ಕೆಳ ತುದಿಯಿಂದ ಬಿಳಿಯ ಉಪ್ಪಿನ ಗೆರೆ, ಅದರ ಅಂಚಿಗೆ ತುಕ್ಕಿನ ಬಣ್ಣ: ನೀರು ಹನಿಯುತ್ತಿದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಕ್ಲಚ್ ಕೂತಿರುವ ಹೊಟ್ಟೆಯ ಕೆಳಗಿನ ತೂತಿನಿಂದ ಎಣ್ಣೆ ಇಳಿದಿತ್ತು. ಅದು ಇಂಜಿನ್ನಿನದೋ ಗೇರ್ ಬಾಕ್ಸಿನದೋ? ಎರಡಕ್ಕೂ ರಿಪೇರಿ ಬೇರೆ, ಖರ್ಚು ಬೇರೆ. ಕಾಕಾ ಬೆರಳಿಗೆ ಹಚ್ಚಿ ಉಜ್ಜಿ ಮೂಸಿದರು. ಇಂಜಿನ್ ಎಣ್ಣೆ ತೆಳ್ಳಗೆ, ಮಸಿಯಂತೆ ಕಪ್ಪು. ಗೇರ್ ಎಣ್ಣೆ ಮಂದ, ಮತ್ತು ಅದರಲ್ಲಿ ಗಂಧಕದ ವಾಸನೆ ಇರುತ್ತದೆ. ಹಲ್ಲುಗಳ ಮೇಲಿನ ಒತ್ತಡ ತಾಳಲೆಂದು ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ನಮ್ಮದು ಗಂಧಕ ನಾರುತ್ತಿತ್ತು. ಗೇರ್ ಬಾಕ್ಸಿನ ಮುಂದಿನ ಸೀಲು. ಸೀಮೆಸುಣ್ಣದಲ್ಲಿ ಒಂದೊಂದಕ್ಕೂ ಗುರುತು ಹಾಕಿ, ನಾನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆ. ಎಲ್ಲ ಸೇರಿ 7 ಕಡೆ.

ಈ 7 ಕಡೆಯನ್ನು ಸರಿಮಾಡದೆ ಬಣ್ಣ ಹೊಡೆದರೆ ಆರೇ ತಿಂಗಳಲ್ಲಿ ಎಣ್ಣೆ ಬಣ್ಣದಡಿ ಹೊಕ್ಕು ಹಕ್ಕಳೆ ಎಬ್ಬಿಸುತ್ತದೆ. ಹಳೇ ಗಾಡಿ ಕೊಳ್ಳುವವರಿಗೂ ಇಲ್ಲೊಂದು ಪಾಠ ಇದೆ: ಜಿಡ್ಡು ಹಿಡಿದ ಗಾಡಿ ನೋಡಿ ಮೂಗು ಮುರಿಯಬೇಡಿ, ಅತಿಯಾಗಿ ಹೊಳೆಯುವ ಗಾಡಿಯ ಮುಂದೆ ಜೋಪಾನ.

ಜಿಡ್ಡು ತೆಗೆಯುವುದಕ್ಕೆ ಮೂರು ದಿನ. ಇದರಲ್ಲಿ ಜಾಣತನಕ್ಕಿಂತ ರಟ್ಟೆಗೆ ಹೆಚ್ಚು ಕೆಲಸ. ಮೊದಲು ಒಣದಾಗಿ ಹೆರೆಯಬೇಕು. ನೀರು, ಡೀಸೆಲ್ ಏನನ್ನೂ ಹಾಕದೆ, ಅಗಲವಾದ ಪಟ್ಟಿಯಿಂದ, ಬಿದಿರಿನ ಸೀಳಿನಿಂದ, ಸಂದಿಗೆ ಹಳೇ ಸ್ಕ್ರೂ ಡ್ರೈವರಿನಿಂದ. ನಮ್ಮ ಗಾಡಿಯ ಹೊಟ್ಟೆಯಿಂದಲೇ ಎರಡು ಬುಟ್ಟಿ ಬಂತು. ಕಪ್ಪು ಮಣ್ಣು, ಹೊಟ್ಟು, ಎಣ್ಣೆ ಕಲೆತು ರೊಟ್ಟಿಯಂತೆ ಗಟ್ಟಿಯಾಗಿತ್ತು. ಅದರ ಮುದ್ದೆ ನೋಡಿ ಅಪ್ಪ "ಕೀಲೆಣ್ಣಿ ಆಗೇತಿ ನೋಡ" ಎಂದು ನಕ್ಕರು. ಚಕ್ಕಡಿಯ ಕಾಲದಲ್ಲಿ ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲೆಸಿ ಅಚ್ಚಿಗೆ ಹಚ್ಚುತ್ತಿದ್ದರಲ್ಲ, ಆ ಕೀಲೆಣ್ಣೆ. ಬಣ್ಣ, ಜಿಗುಟು ಎರಡೂ ಹಾಗೇ ಇತ್ತು.

ಹೆರೆದ ಮೇಲೆ ಉಳಿದದ್ದಕ್ಕೆ ಡೀಸೆಲ್ ಅಥವಾ ಸೀಮೆಎಣ್ಣೆ, ಗಡುಸು ಬ್ರಷ್. ಪೆಟ್ರೋಲ್ ಬೇಡವೇ ಬೇಡ. ತಂತಿ ಬ್ರಷ್ಷು ಕಬ್ಬಿಣಕ್ಕೆ ಉಜ್ಜಿ ಒಂದು ಕಿಡಿ ಬಿದ್ದರೂ ಸಾಕು. ಕೆಳಗೆ ಅಗಲವಾದ ತಗಡಿನ ತಟ್ಟೆ ಇಟ್ಟು ಇಳಿದದ್ದನ್ನು ಹಿಡಿದೆವು, ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಿದೆವು. ಕೊನೆಗೆ ಉಳಿದ ಕರಿ ಎಣ್ಣೆಯನ್ನು ಕ್ಯಾನಿಗೆ ತುಂಬಿ ಹಳೇ ಎಣ್ಣೆ ಕೊಳ್ಳುವವನಿಗೆ ಕೊಟ್ಟೆವು. ಹಳ್ಳದ ದಂಡೆಗೆ ಗಾಡಿ ಒಯ್ದು ತೊಳೆಯುವ ರೂಢಿ ನಮ್ಮೂರಲ್ಲಿ ಇನ್ನೂ ಇದೆ. ಅದೇ ನೀರನ್ನು ಕೆಳಗೆ ದನ ಕುಡಿಯುತ್ತವೆ ಎಂದು ನಾನು ಹೇಳುವ ಮೊದಲೇ ಅಪ್ಪ ಹೇಳಿದ್ದರು.

ಡೀಸೆಲ್ಲಿನಲ್ಲಿ ತೊಳೆದರೆ ಮುಗಿಯಿತು ಎಂದು ಹಲವರು ತಿಳಿಯುತ್ತಾರೆ. ಡೀಸೆಲ್ಲೂ ಎಣ್ಣೆಯೇ. ಅದರ ತೆಳು ಪೊರೆ ಕಬ್ಬಿಣದ ಮೇಲೆ ಉಳಿದರೆ ಬಣ್ಣ ಅಲ್ಲಲ್ಲಿ ಸರಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಆದ್ದರಿಂದ ಬಿಸಿ ನೀರಿಗೆ ವಾಷಿಂಗ್ ಸೋಡಾ, ಬಟ್ಟೆ ಸೋಪಿನ ಪುಡಿ ಹಾಕಿ ಎರಡು ಸಲ ತಿಕ್ಕಿ, ಚೊಕ್ಕಟ ನೀರಿನಿಂದ ತೊಳೆಯಬೇಕು. ಆಯಿತೋ ಇಲ್ಲವೋ ಎಂಬುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಒಂದು ತಂಬಿಗೆ ನೀರು ಸುರಿದು ನೋಡಿ. ನೀರು ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಇನ್ನೂ ಇದೆ. ಸಂದಿಗೊಂದಿಗಳಲ್ಲಿ ನಾವು ನಾಲ್ಕು ಸಲ ಸುರಿಯಬೇಕಾಯಿತು.

ಬಿಸಿ ಇಂಜಿನ್ನಿಗೆ ತಣ್ಣೀರು ಹೊಡೆಯಬಾರದು, ಬೀಡು ಕಬ್ಬಿಣ ಸೀಳಬಹುದು, ಡೀಸೆಲ್ ಪಂಪು ಹಿಡಿದುಕೊಳ್ಳಬಹುದು. ಪ್ರೆಶರ್ ಪೈಪಿನವರು ಡೈನಮೋ, ಸೆಲ್ಫ್, ಇಂಜಿನ್ನಿನ ಉಸಿರು ಕೊಳವೆ, ಚಕ್ರದ ಸೀಲುಗಳಿಗೆ ನೇರ ಹೊಡೆಯದಂತೆ ಕಣ್ಣಿಡಬೇಕು. ನಾವು ಅವಕ್ಕೆಲ್ಲ ಪ್ಲಾಸ್ಟಿಕ್ ಕಟ್ಟಿದ್ದೆವು. ಬ್ರೇಕು, ಕ್ಲಚ್ಚಿನ ಹತ್ತಿರದ ಧೂಳನ್ನು ಗಾಳಿ ಹೊಡೆದು ಹಾರಿಸಲೇಬಾರದು. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅಲ್ಲಿ ಒದ್ದೆ ಬಟ್ಟೆಯೇ ಸರಿ.

ಒಂದು ಸರದಿ ಮಾತ್ರ ತಪ್ಪಬಾರದು: ಜಿಡ್ಡು ಪೂರ್ತಿ ಹೋದ ಮೇಲೇ ಬಣ್ಣ ಉಜ್ಜುವುದು. ಜಿಡ್ಡಿನ ಮೇಲೆಯೇ ಎಮರಿ ಹಿಡಿದರೆ ಗೀರುಗಳ ಒಳಗೆ ಎಣ್ಣೆ ತುರುಕಿದಂತೆ. ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ.

ಐದನೇ ದಿನ ಬಣ್ಣಕ್ಕೆ ಕೈ ಹಚ್ಚುವ ಹೊತ್ತಿಗೆ ಮಿಸ್ತ್ರಿ ಕಾಕಾನ ಮೊಮ್ಮಗ ಗ್ರೈಂಡರಿಗೆ ತಂತಿ ಚಕ್ರ ಹಾಕಿ ಅಂಗಳದಲ್ಲೇ ಶುರುಮಾಡಲು ಬಂದ. ಹತ್ತೊಂಬತ್ತರ ಹುಡುಗ, ಮೂಗಿಗೆ ಒಂದು ಕರವಸ್ತ್ರ. ಅಣ್ಣನ ನಾಲ್ಕು ವರ್ಷದ ಮಗಳು ಅದೇ ಅಂಗಳದಲ್ಲಿ ಕುಂಟಾಬಿಲ್ಲೆಯ ಮನೆ ಬರೆದುಕೊಂಡು ಕೂತಿದ್ದಳು. ಗಾಡಿಯನ್ನು ಅಲ್ಲಿಂದ ಎಳೆಸಿ ಊರ ಹೊರಗಿನ ನಮ್ಮ ಕಣಕ್ಕೆ ಒಯ್ಯಿಸಿದೆ. ಮನೆಯಲ್ಲಿ ಎಲ್ಲರಿಗೂ ಇದು ಪುಣೆಯವನ ಅತಿ ಅನ್ನಿಸಿತು.

ಕಾರಣ ಸೀಸ. ಹಳೇ ಕಾಲದ ಎನಾಮೆಲ್ಲುಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಬರಲು ಸೀಸದ ಕ್ರೋಮೇಟು ಬಳಸುತ್ತಿದ್ದರು. ಕಬ್ಬಿಣಕ್ಕೆ ಜಂಗು ಹಿಡಿಯದಿರಲೆಂದು ಅಡಿಯಲ್ಲಿ ರೆಡ್ ಲೆಡ್ ಬಳಿಯುತ್ತಿದ್ದರು. ರೆಡ್ ಲೆಡ್ ಅಂದರೆ ನಮ್ಮ ಸಿಂಧೂರ, ಸೀಸದ ಆಕ್ಸೈಡು. ನಮ್ಮ ದೇಶದಲ್ಲಿ ಬಣ್ಣದೊಳಗಿನ ಸೀಸಕ್ಕೆ ಕಡ್ಡಾಯದ ಮಿತಿ ಬಂದದ್ದು 2016ರ ನಿಯಮದಿಂದ, ಜಾರಿಯಾದದ್ದು 2017ರ ನವೆಂಬರಿನಿಂದ: 10 ಲಕ್ಷ ಭಾಗಕ್ಕೆ 90 ಭಾಗ. ಅದೂ ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಿಗೆ ಮಾತ್ರ. ಯಂತ್ರಗಳಿಗೆ, ವಾಹನಗಳಿಗೆ ಹೊಡೆಯುವ ಕೈಗಾರಿಕಾ ಬಣ್ಣ ಆ ನಿಯಮದೊಳಗೆ ಇಲ್ಲ. ಹಾಗಾಗಿ ಹಳೇ ಟ್ರ್ಯಾಕ್ಟರಿನ ಬಣ್ಣದಲ್ಲಿ ಸೀಸ ಇದೆ ಎಂದುಕೊಂಡೇ ಕೆಲಸ ಮಾಡುವುದು ಕ್ಷೇಮ. ಗಾಡಿಯ ಮೇಲೆ ಒಣಗಿ ಕೂತಿರುವವರೆಗೆ ಅದು ಏನೂ ಮಾಡುವುದಿಲ್ಲ. ಒಣದಾಗಿ ಉಜ್ಜಿದರೆ ಧೂಳಾಗಿ ಉಸಿರಿಗೆ ಹೋಗುತ್ತದೆ, ಮಣ್ಣಿಗೆ ಬೀಳುತ್ತದೆ, ಮಗುವಿನ ಬೆರಳಿಗೆ ಅಂಟಿ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರವಸ್ತ್ರ ಈ ಧೂಳನ್ನು ತಡೆಯುವುದಿಲ್ಲ. ಬೆಂಕಿ ಹಿಡಿದು ಬಣ್ಣ ಸುಡುವುದು ಇನ್ನೂ ಕೆಟ್ಟದ್ದು; ಸೀಸ ಹೊಗೆಯಾಗಿ ಏಳುತ್ತದೆ.

ಅವ್ವನಿಗೆ ಸಿಂಧೂರದ ಮಾತು ಹಿಡಿಸಲಿಲ್ಲ. "ಹನುಮಪ್ಪಗ ಹಚ್ಚೂದಕ್ಕ ವಿಷ ಅಂತೀಯೇನೋ?" ಎಂದಳು. ದೇವರಿಗೆ ಹಚ್ಚುವುದು ಬೇರೆ, ನಾವು ಅದನ್ನು ಪುಡಿಮಾಡಿ ಉಸಿರಾಡುವುದು ಬೇರೆ ಎಂದೆ. ಕೆಲಸದ ಬಟ್ಟೆಗಳನ್ನು ಮನೆಯ ಬಟ್ಟೆಗಳ ಜೊತೆ ಹಾಕದೆ ಕಣದಲ್ಲೇ ನೆನೆಸಿಡಬೇಕು ಎಂದದ್ದಕ್ಕೂ ಗೊಣಗಿದಳು. ಆದರೆ ಮರುದಿನ ಬೇರೆ ಬಕೆಟ್ಟು ಅವಳೇ ಕಳಿಸಿದ್ದಳು.

ಕಣದಲ್ಲಿ ಗಾಡಿಯ ಕೆಳಗೆ ತಾಡಪತ್ರಿ ಹಾಸಿದೆವು. ಗ್ರೈಂಡರು ಒಳಗಿಟ್ಟು, ಅಗಲ ತಗಡುಗಳನ್ನು ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿದೆವು. ಒದ್ದೆಯಾದರೆ ಧೂಳು ಏಳುವುದಿಲ್ಲ, ಕೆಸರಾಗಿ ಇಳಿಯುತ್ತದೆ. ಹುಡುಗನಿಗೂ ಮಾಸ್ಕು. ಮೊದಲ ದಿನ ಅರ್ಧ ತಾಸಿಗೊಮ್ಮೆ ತೆಗೆದು ಬೈದುಕೊಂಡ. ಸಂಜೆ ಮಾಸ್ಕಿನ ಹೊರಮೈ ಕೆಂಪಾಗಿ ಒಳಮೈ ಬೆಳ್ಳಗಿರುವುದನ್ನು ಅವನಿಗೆ ತೋರಿಸಿದೆ. ಏನೂ ಅನ್ನಲಿಲ್ಲ, ಮಾರನೇ ದಿನ ತಾನೇ ಕೇಳಿ ಹಾಕಿಕೊಂಡ. ಎರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾನೆ ಅವನು.

ಮೂಲೆ, ಮಡಿಕೆ, ಬೋಲ್ಟಿನ ತಲೆಗಳಿಗೆ ಪೇಂಟ್ ರಿಮೂವರ್ ಬಳಸಿದೆವು. ಅಂಗಡಿಯಲ್ಲಿ ಸಿಗುವ ಚುರುಕಿನ ರಿಮೂವರುಗಳಲ್ಲಿ ಸಾಮಾನ್ಯವಾಗಿ ಇರುವುದು ಮೀಥಿಲೀನ್ ಕ್ಲೋರೈಡು. ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಇಪ್ಪತ್ತು ನಿಮಿಷ ಬಿಟ್ಟರೆ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ನೋಡಲು ಬಹಳ ಖುಷಿ. ಆದರೆ ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂಡುತ್ತದೆ, ದೇಹಕ್ಕೆ ಹೋದರೆ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಗ್ಯಾರೇಜಿನ ಗುಂಡಿಯಲ್ಲಿ ನಿಂತು, ಬಾಗಿಲು ಹಾಕಿದ ಕೋಣೆಯಲ್ಲಿ ಕೂತು ಇದನ್ನು ಬಳಸಬಾರದು. ಧೂಳಿನ ಮಾಸ್ಕು ಈ ಆವಿಗೆ ಏನೂ ಮಾಡುವುದಿಲ್ಲ, ಆಸ್ಪತ್ರೆಯ ತೆಳು ಕೈಗವಸೂ ತಡೆಯುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯ ಗ್ರಾಹಕರಿಗೆ ಇದರ ರಿಮೂವರ್ ಮಾರುವುದನ್ನೇ 2019ರಲ್ಲಿ ನಿಷೇಧಿಸಿದರು. ನಮಗೆ ಕಣದ ಗಾಳಿ ಇತ್ತು. ಅದಿಲ್ಲದವರು ಕೈಯಿಂದ ಉಜ್ಜುವುದೇ ವಾಸಿ.

ಕಾಸ್ಟಿಕ್ ಸೋಡಾದ ನೀರಿನಲ್ಲಿ ಬಿಡಿಭಾಗ ನೆನೆಹಾಕುವ ಪದ್ಧತಿಯೂ ಇದೆ. ಅಗ್ಗ, ಜಿಡ್ಡು ಬಣ್ಣ ಎರಡೂ ಹೋಗುತ್ತವೆ. ಉಕ್ಕಿಗೆ ಸರಿ, ಅಲ್ಯೂಮಿನಿಯಂ ಹಾಕಿದರೆ ನೊರೆ ಎದ್ದು ಲೋಹವೇ ಕರಗುತ್ತದೆ, ಬರುವ ಗಾಳಿ ಜಲಜನಕ, ಬೆಂಕಿಗೆ ಹತ್ತುವಂಥದ್ದು. ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಚಿಕ್ಕ ಮಗು ಇರುವ ಮನೆಗೆ ಅದನ್ನು ತರಲು ನನಗೆ ಮನಸ್ಸಾಗಲಿಲ್ಲ. ಮರಳು ಊದಿಸುವುದನ್ನೂ ಬಿಟ್ಟೆವು. ಬಾನೆಟ್ಟಿನಂಥ ತೆಳು ತಗಡು ಬಿಸಿಯಾಗಿ ಸೊಟ್ಟಾಗುತ್ತದೆ, ಮರಳು ಸೀಲುಗಳ ಒಳಗೆ ಹೋಗುತ್ತದೆ, ಮಾಡುವವನ ಶ್ವಾಸಕೋಶದ ಮಾತು ಬೇರೆಯೇ.

ಉಜ್ಜುತ್ತ ಹೋದಂತೆ ಪದರಗಳು ಕಂಡವು. ಮೇಲೆ 2004ರ ಕಿತ್ತಳೆ ಛಾಯೆಯ ಕೆಂಪು. ಅದರ ಕೆಳಗೆ ನೀಲಿ! ಯಾರೋ ಹಿಂದಿನ ಯಜಮಾನನಿಗೆ ನೀಲಿ ಫೋರ್ಡ್ ಟ್ರ್ಯಾಕ್ಟರಿನ ಆಸೆ ಇದ್ದಿರಬೇಕು. ಅದರ ಕೆಳಗೆ ಮತ್ತೆ ಕೆಂಪು, ಗಾಢವಾದದ್ದು. ಕೊನೆಗೆ ಅಡಿಬಣ್ಣ, ಕಬ್ಬಿಣ. ಮಡ್‌ಗಾರ್ಡಿನ ಮೇಲೆ ನೀಲಿಯ ಅಡಿಯಲ್ಲಿ ಬಿಳಿ ಅಕ್ಷರದ ನೆರಳು, "ಪ್ರಸನ್ನ" ಎಂಬಷ್ಟು ಮಾತ್ರ ಓದಲು ಬಂತು. ಯಾವ ದೇವರೋ, ಹೆಸರು ಹೋಗಿತ್ತು. ಇಂಜಿನ್ ನಂಬರು, ಚಾಸಿ ನಂಬರು ಕೊರೆದ ಜಾಗಕ್ಕೆ ತಂತಿ ಚಕ್ರ ತೋರಿಸದೆ ರಿಮೂವರ್ ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿದೆವು. ಆ ಅಂಕಿಗಳು ಸವೆದರೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ನಮ್ಮದು ಎಂದು ಒಪ್ಪಿಸುವುದು ಕಷ್ಟ.

ಎಂಟನೇ ದಿನ ಮಧ್ಯಾಹ್ನ ಮುಂದಿನ ಆಕ್ಸಲನ್ನು ಹಿಡಿದಿರುವ ಬೀಡು ಕಬ್ಬಿಣದ ಸಪೋರ್ಟಿಗೆ ಬಂದೆವು. ಆಕ್ಸಲು ತೂಗಾಡುವ ಪಿನ್ನು ಕೂತಿರುವುದು ಇದರಲ್ಲೇ. ಹುಡುಗ ಪಟ್ಟಿ ಹಾಕಿ ಹೆರೆಯುತ್ತಿದ್ದವನು ನಿಲ್ಲಿಸಿ "ಅಜ್ಜಾ, ಇಲ್ಲಿ ಪುಟ್ಟಿ ಐತಿ" ಎಂದ. ನಾನು ಅಷ್ಟು ಗಮನಿಸುತ್ತಿರಲಿಲ್ಲ, ಬಾನೆಟ್ಟಿನಲ್ಲೂ ಮಡ್‌ಗಾರ್ಡಿನಲ್ಲೂ ಪುಟ್ಟಿ ಬೇಕಾದಷ್ಟು ಸಿಕ್ಕಿತ್ತು. ಆದರೆ ಕಾಕಾ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಅವರು ಕೇಳಿದ್ದು ಒಂದೇ ಪ್ರಶ್ನೆ. ತಗಡು ನೆಗ್ಗುತ್ತದೆ, ಅದಕ್ಕೆ ಪುಟ್ಟಿ ತುಂಬುತ್ತಾರೆ. ಬೀಡು ನೆಗ್ಗುವುದಿಲ್ಲ, ಒಡೆಯುತ್ತದೆ. ನೆಗ್ಗದ ಕಡೆ ಪುಟ್ಟಿ ಯಾಕೆ?

ಪುಟ್ಟಿ ಪೂರ್ತಿ ಬಿಡಿಸಿದಾಗ ಅಡಿಯಲ್ಲಿ ಒರಟಾದ ವೆಲ್ಡಿಂಗ್ ಗೆರೆ. ಕಾಕಾ ಜಾಗವನ್ನು ಚೊಕ್ಕಟ ಮಾಡಿಸಿ ಸೀಮೆಎಣ್ಣೆ ಹಚ್ಚಿ ಅರ್ಧ ತಾಸು ಬಿಟ್ಟರು. ಆಮೇಲೆ ಒಣ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲೆಸಿ ತೆಳ್ಳಗೆ ಬಳಿದರು. ಅದು ಒಣಗಿ ಬೆಳ್ಳಗಾದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಬಿರುಕಿದ್ದರೆ ಅದರೊಳಗೆ ಇಳಿದ ಸೀಮೆಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆಯಾಗಿ ಕಾಣುತ್ತದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಅಚ್ಚು, ಗಾಲಿ ಪರೀಕ್ಷಿಸುತ್ತಿದ್ದ ಹಳೇ ವಿಧಾನ ಇದು. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿದ್ದ ತಮ್ಮ ತಂದೆಯಿಂದ ಕಲಿತದ್ದಂತೆ.

ವೆಲ್ಡಿಂಗಿನ ಪಕ್ಕದಲ್ಲಿ, ಅದಕ್ಕೆ ಸಮನಾಗಿ, ಕೂದಲೆಳೆಯಂಥ ಗೆರೆ ನಿಧಾನವಾಗಿ ಮೂಡಿತು. ಅಳೆದೆ, 9 ಸೆಂಟಿಮೀಟರು. ಬೀಡು ಕಬ್ಬಿಣವನ್ನು ಮೊದಲು ಕಾಯಿಸದೆ, ಅದಕ್ಕೆಂದೇ ಇರುವ ನಿಕ್ಕಲ್ ರಾಡು ಬಳಸದೆ ವೆಲ್ಡ್ ಮಾಡಿದರೆ ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಯಾರೋ ಅವಸರದಲ್ಲಿ ಬೆಸೆದು, ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದಿದ್ದರು. ಪುಟ್ಟಿಯ ಮೇಲೆ ಇದ್ದದ್ದು 2004ರ ಕೆಂಪು ಒಂದೇ ಪದರ, ನೀಲಿ ಇರಲಿಲ್ಲ. ಅಂದರೆ ನಮಗೆ ಮಾರುವ ಹೊತ್ತಿಗೆ ಆದ ಕೆಲಸ.

"ಗೌಡ್ರ, ಇದರ ಮ್ಯಾಲೆ ಕಬ್ಬ ಜಗ್ಗೀರೇನ್ರಿ?" ಎಂದು ಕಾಕಾ ಕೇಳಿದರು.

"ಇಪ್ಪತ್ತ ವರ್ಷ ಜಗ್ಗೇನಿ" ಎಂದರು ಅಪ್ಪ.

ಅಣ್ಣ ಮಾತಾಡಲಿಲ್ಲ. ಹೋದ ಹಂಗಾಮಿನಲ್ಲಿ ರಾತ್ರಿಯೆಲ್ಲ ಎರಡು ಟ್ರಾಲಿ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಯ ಸಾಲಿಗೆ ಓಡಿಸಿದವನು ಅವನು. ತುಂಬಿದ ಟ್ರಾಲಿ ಹಿಂದಿನಿಂದ ದೂಡುವಾಗ ಮುಂದಿನ ಸಪೋರ್ಟು ಕಳಚಿಕೊಂಡರೆ ಸ್ಟೇರಿಂಗು ಕೈಯಲ್ಲಿ ಇದ್ದೂ ಇಲ್ಲ. ಬಿರುಕಿನ ಒಂದು ತುದಿಯ ಒಳಗೆ ಹಳೇ ಜಂಗು, ಇನ್ನೊಂದು ತುದಿಯಲ್ಲಿ ಲೋಹ ಇನ್ನೂ ಬೆಳ್ಳಗೆ. ಅದು ಈಗಲೂ ಬೆಳೆಯುತ್ತಿತ್ತು. ಆ ಸಂಜೆ 18,000 ರೂಪಾಯಿಯ ಸ್ಪ್ರೇ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಬಿ-275ರ ಬಿಡಿಭಾಗಗಳಿಗೆ ನಮ್ಮ ಕಡೆ ಬರವಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಎರಡು ಸಪೋರ್ಟು ಸಿಕ್ಕವು. ಎರಡಕ್ಕೂ ಒಳ್ಳೇ ಬಣ್ಣ ಹೊಡೆದಿಟ್ಟಿದ್ದರು. ಕಾಕಾ ಅಂಗಡಿಯವನ ಎದುರಿಗೇ ಪಟ್ಟಿ ತೆಗೆದು ಹೆರೆಯತೊಡಗಿದರು. ಅವನು ಬೇಡವೆಂದ, ಇವರು ಹಾಗಾದರೆ ಹೊರಟೆವು ಎಂದರು. ಹೆರೆದು, ಸೀಮೆಎಣ್ಣೆ ಹಚ್ಚಿ, ಸುಣ್ಣ ಬಳಿದು ನೋಡಿದ ಮೇಲೆ ಒಂದನ್ನು ಆರಿಸಿದೆವು. ಸುತ್ತಿಗೆಯಿಂದ ಬಡಿದರೆ ಅದರ ನಾದ ಗಂಟೆಯಂತೆ ಇತ್ತು. ನಮ್ಮ ಹಳೆಯದನ್ನು ಬಡಿದಾಗ ಒಡೆದ ಗಡಿಗೆಯ ಸದ್ದು ಬಂದಿತ್ತು. ಬೇರೆ ಆರು ಸೋರಿಕೆಗಳನ್ನು ಆಗಲೇ ಮುಗಿಸಿದ್ದರು. ಗೇರ್ ಬಾಕ್ಸಿನ ಸೀಲಿಗೆ ಮಾತ್ರ ಗಾಡಿಯನ್ನು ನಡುವೆ ಬಿಚ್ಚಬೇಕಾಯಿತು, ಅದಕ್ಕೆ ಒಂದೂವರೆ ದಿನ.

ಹನ್ನೊಂದನೇ ದಿನ ರೆಡ್ ಆಕ್ಸೈಡ್ ಪ್ರೈಮರ್. ಹೆಸರು ಕೇಳಿ ಗಾಬರಿ ಬೇಡ, ಇದು ಸೀಸದ ರೆಡ್ ಲೆಡ್ ಅಲ್ಲ, ಕಬ್ಬಿಣದ ಆಕ್ಸೈಡು. ಬರಿಮೈ ಕಬ್ಬಿಣವನ್ನು ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಮೇಲೆ ಜಂಗಿನ ಹೂವು ಅರಳುತ್ತದೆ. ಆದ್ದರಿಂದ ಬಿಡಿಸಿದ ಭಾಗಕ್ಕೆ ಅಂದಂದೇ ಪ್ರೈಮರ್ ಬಳಿಯುತ್ತ ಬಂದಿದ್ದೆವು, ಕೊನೇ ದಿನ ಉಳಿದದ್ದಕ್ಕೆಲ್ಲ ಒಂದು ಕೈ. ಹೆರೆದ ಬಣ್ಣದ ಚೂರು, ಒಣಗಿಸಿದ ಕೆಸರು ಎಲ್ಲವನ್ನೂ ತಾಡಪತ್ರಿಯಿಂದ ಒಟ್ಟುಮಾಡಿ ಎರಡು ಪೇಂಟ್ ಡಬ್ಬಿಗಳಿಗೆ ತುಂಬಿ ಮುಚ್ಚಳ ಬಡಿದಿಟ್ಟಿದ್ದೇನೆ. ಅವು ಸದ್ಯ ಕಣದ ಕೋಣೆಯ ಅಟ್ಟದ ಮೇಲೆ ಇವೆ, ಮೇಲೆ ದಪ್ಪ ಅಕ್ಷರದಲ್ಲಿ 'ವಿಷ' ಎಂದು ಬರೆದಿದೆ. ತಿಪ್ಪೆಗೆ ಸುರಿದರೆ ಗೊಬ್ಬರದ ಜೊತೆ ಹೊಲಕ್ಕೇ ಬರುತ್ತದೆ.

ಮಹಾನವಮಿಗೆ ಗಾಡಿ ಪ್ರೈಮರಿನಲ್ಲೇ ನಿಂತಿತು. ಅವ್ವ ಅದರ ಮೇಲೇ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚಂಡುಹೂವಿನ ಮಾಲೆ ಹಾಕಿದಳು. ಬಣ್ಣಕ್ಕೆ ಇನ್ನೂ ಎರಡು ದಿನ ಬೇಕಿತ್ತು, ಆದರೆ ಹೊಲ ಹದಕ್ಕೆ ಬಂದಿತ್ತು. ಕಡಲೆ ಬಿತ್ತನೆ ನಮ್ಮ ಎನಾಮೆಲ್ಲಿಗೆ ಕಾಯುವುದಿಲ್ಲ. ಅಣ್ಣ ಕೂರಿಗೆ ಕಟ್ಟಿಕೊಂಡು ಹೊರಟ, ನಾನು ರಾತ್ರಿ ಬಸ್ಸಿಗೆ ಪುಣೆಗೆ ಬಂದೆ. ಈಗ ದೀಪಾವಳಿಗೆ ಹೋದಾಗ ಮೊದಲು ಮತ್ತೆ ಸೋಡಾ ನೀರಿನಲ್ಲಿ ತೊಳೆಯಬೇಕು. ರೆಡ್ ಆಕ್ಸೈಡ್ ತೇವ ಹೀರುತ್ತದೆ, ಹಾಗಾಗಿ ಬಿಸಿಲಿಗೆ ಒಂದು ದಿನ ಒಣಗಿಸಿ, ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಇನ್ನೊಂದು ಕೈ ಪ್ರೈಮರ್ ಹೊಡೆದು ಆಮೇಲೆ ಕೆಂಪು. ಅಣ್ಣ ಹೋದ ವಾರ ಫೋನು ಮಾಡಿದ್ದ. ಮುಂದಿನ ಆಕ್ಸಲ್ ಸಪೋರ್ಟಿಗೆ ಮಾತ್ರ ಬಣ್ಣ ಬೇಡ, ಪ್ರೈಮರಿನಲ್ಲೇ ಇರಲಿ, ವಾರಕ್ಕೊಮ್ಮೆ ಒರೆಸಿ ನೋಡಲು ಅನುಕೂಲ ಎಂದ. ಅಪ್ಪನಿಗೆ ಅದು ಸರಿಕಾಣುತ್ತಿಲ್ಲ, ಗಾಡಿಯ ಮೂತಿಯೇ ಒಂದು ಬಣ್ಣ, ಮೈ ಒಂದು ಬಣ್ಣ ಆಗುತ್ತದಂತೆ. ಇಬ್ಬರಿಗೂ ಇನ್ನೂ ಒಮ್ಮತ ಆಗಿಲ್ಲ.